ನಾನು ಬದಲಿಸಿ ಹೇಳಿದ ಮಾತು

ಇದು ಕಳೆದ ವರ್ಷದ ಮಾತು. ಬೆಂಗಳೂರಿನ ಕಂಪನಿ ನನ್ನನ್ನು ನೈರೋಬಿಗೆ ಕಳಿಸಿ ಎರಡು ವರ್ಷವಾಗಿತ್ತು; ಅಷ್ಟರಲ್ಲಿ ಇಲ್ಲಿನ ಸ್ವಾಹಿಲಿ ಭಾಷೆ ಕಲಿತಿದ್ದೆ. ಅಪ್ಪರ್ ಹಿಲ್‌ನ ನಮ್ಮ ಆಫೀಸಿನ ಕೆಳಮಹಡಿಯಲ್ಲಿ ಬ್ರಿಟಿಷ್ ಛಾಯಾಗ್ರಾಹಕರೊಬ್ಬರ ಚಿತ್ರಪ್ರದರ್ಶನ ಏರ್ಪಾಡಾಗಿತ್ತು. ಅವರಿಗೆ ಎಂಬತ್ತು ದಾಟಿತ್ತು. ಹರೆಯದಲ್ಲೇ ಕ್ಯಾಮೆರಾ ಹಿಡಿದು ಇಂಗ್ಲೆಂಡ್ ಬಿಟ್ಟವರು, ಹತ್ತಾರು ದೇಶ ಸುತ್ತಿ ಸಾಕ್ಷ್ಯಚಿತ್ರ ಮಾಡಿದವರು. ಕೆನ್ಯಾದಲ್ಲಿ ಇದ್ದದ್ದು ಕೆಲವೇ ವಾರ. ಆದರೂ ಅವರಿಗೆ ಹೆಸರು ತಂದ ಚಿತ್ರ ಇಲ್ಲಿಯದೇ. ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿರುವ ಒಬ್ಬ ಹೆಂಗಸು. ಕೆಳಗೆ ‘ಬರಗಾಲದ ತಾಯಿ’ ಎಂಬ ಶೀರ್ಷಿಕೆ. ಅದಕ್ಕೆ ಪ್ರಶಸ್ತಿ ಬಂದ ಮೇಲೇ ಸಿನಿಮಾ ಮಾಡಲು ದಾರಿಯಾಯಿತಂತೆ.

ಉದ್ಘಾಟನೆಯ ದಿನ ಅವರ ಜೊತೆಗಿರುವ ಕೆಲಸ ನನ್ನದು. ಭಾಷಣ ಮುಗಿದು ಜನ ಚಹಾದ ಕಡೆ ಹೋದಾಗ, ನಮ್ಮ ಮಹಡಿ ಗುಡಿಸಿ ಒರೆಸುವ ಎಸ್ತರ್ ಹತ್ತಿರ ಬಂದರು. ಅರವತ್ತರ ಹತ್ತಿರದ ವಯಸ್ಸು.

“ಮೇಡಂ, ಈ ಹಿರಿಯರಿಗೆ ಒಂದು ಮಾತು ಹೇಳ್ಬೇಕು. ಇಂಗ್ಲಿಷ್ ನನಗೆ ಅರ್ಥ ಆಗುತ್ತೆ, ಆಡೋಕೆ ನಾಚಿಕೆ,” ಎಂದರು ಸ್ವಾಹಿಲಿಯಲ್ಲಿ. ನಂತರ ಆ ಚಿತ್ರದ ಕಡೆ ಕೈ ತೋರಿಸಿದರು. “ಇವಳು ನನ್ನಮ್ಮ. ಅವತ್ತು ಅವಳು ಅಳ್ತಿರಲಿಲ್ಲ. ಚಿಕ್ಕಮ್ಮನ ಮದುವೆ, ಹಸಿ ಸೌದೆಯ ಹೊಗೆ ಕಣ್ಣಿಗೆ ಹೋಗಿತ್ತು. ಕಿವಿ ನೋಡಿ. ಆ ಮಣಿ ಓಲೆ ಹಾಕ್ಕೋತಿದ್ದಿದ್ದು ಮದುವೆಗೆ ಮಾತ್ರ.”

ಸ್ವಾಹಿಲಿ ಬಲ್ಲ ಸಹೋದ್ಯೋಗಿ ಗಿರೀಶ್ ಪಕ್ಕದಲ್ಲೇ ಇದ್ದರು. ಕನ್ನಡದಲ್ಲಿ ಪಿಸುಗುಟ್ಟಿದರು: “ಸುಮಾ, ಇದೆಲ್ಲಾ ಈಗ ಬೇಡ. ಪ್ರೆಸ್‌ನೋರಿದಾರೆ. ಏನಾದ್ರೂ ನೈಸಾಗಿ ಹೇಳ್ಬಿಡಿ, ಮುಗೀತು.”

ನಾನು ಹಾಗೇ ಮಾಡಿದೆ. “ಚಿತ್ರ ನೋಡಿ ಇವರಿಗೆ ತಾಯಿಯ ನೆನಪಾಯಿತಂತೆ,” ಎಂದೆ ಇಂಗ್ಲಿಷಿನಲ್ಲಿ. ಆ ಹಿರಿಯರು ಸಂತೋಷದಿಂದ ಎಸ್ತರ್ ಕೈ ಹಿಡಿದು “ಅಸಾಂಟೆ” ಎಂದು ಸ್ವಾಹಿಲಿಯಲ್ಲೇ ಧನ್ಯವಾದ ಹೇಳಿದರು.

ಎಸ್ತರ್ ಮೆಲ್ಲಗೆ ಕೈ ಬಿಡಿಸಿಕೊಂಡು ನನ್ನತ್ತ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಮೇಡಂ, ನಾನು ಹೇಳಿದ್ದು ಅದಲ್ಲ ಅಲ್ವಾ?”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಬ್ಬರ ಕ್ಷಮೆಯನ್ನೂ ಕೇಳಿ, ಈ ಸಲ ಒಂದು ಮಾತೂ ಬಿಡದೆ ಹೇಳಿದೆ.

ಛಾಯಾಗ್ರಾಹಕರು ಚಿತ್ರದ ಹತ್ತಿರ ಹೋಗಿ ಆ ಓಲೆಯನ್ನು ನೋಡಿದರು. “ಆ ವರ್ಷ ಬರ ಇದ್ದದ್ದು ನಿಜ ತಾನೇ?” ಎಂದು ಕೇಳಿದರು.

“ಇತ್ತು. ಬರ ಇದ್ರೂ ಮದುವೆ ಆಗ್ತವೆ,” ಎಂದರು ಎಸ್ತರ್.

“ಆಕೆ ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ರಾ?”

ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಮನಸ್ಸಿರಲಿಲ್ಲ. ಆದರೂ ಹೇಳಿದೆ. ಆ ಹಿರಿಯರು ಇಲ್ಲವೆಂದು ತಲೆಯಾಡಿಸಿದರು. “ಐವತ್ತು ವರ್ಷ ಈ ಮುಖ ತೋರಿಸಿ ಬದುಕಿದೆ. ಹೆಸರೂ ಕೇಳಲಿಲ್ಲ,” ಎಂದವರು, ಈಗ ಕೇಳಿದರು. “ವಂಜಿರು,” ಎಂದರು ಎಸ್ತರ್. ಛಾಯಾಗ್ರಾಹಕರು ನನ್ನ ಹತ್ತಿರ ಪೆನ್ನು ಇಸಿದುಕೊಂಡು, ಹಳೆಯ ಶೀರ್ಷಿಕೆಗೆ ಗೆರೆ ಹೊಡೆದು, ‘ವಂಜಿರು, ತಂಗಿಯ ಮದುವೆಯ ದಿನ’ ಎಂದು ಬರೆದರು. ಏರ್ಪಾಡು ಮಾಡಿದವರ ಮುಖ ಇಳಿದುಹೋಯಿತು. ಆ ಹಿರಿಯರು ಮಾತ್ರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆಸಿ ಎಸ್ತರ್‌ರನ್ನು ಕೂರಿಸಿದರು. ಅರ್ಧ ಗಂಟೆ ಆಕೆ ಅಮ್ಮನ ಬಗ್ಗೆ ಹೇಳುತ್ತಾ ಹೋದರು, ನನ್ನ ಅನುವಾದದಲ್ಲಿ ಅವರು ಕೇಳುತ್ತಾ ಹೋದರು.

ಆ ಹಿರಿಯರ ತಪ್ಪು ತಿಳಿಯದೆ ಆದದ್ದು. ನನ್ನದು ತಿಳಿದೂ ಮಾಡಿದ್ದು. ಎಸ್ತರ್ ಈಗಲೂ ದಿನಾ ಬೆಳಿಗ್ಗೆ ನಗುತ್ತಲೇ ಮಾತನಾಡಿಸುತ್ತಾರೆ, ಆ ವಿಷಯ ಒಮ್ಮೆಯೂ ಎತ್ತಿಲ್ಲ. ಎತ್ತಿ ಬೈದಿದ್ದರೆ ನಾನು ಬಹುಶಃ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.