ಗೋಧಿ ಆದ ಮೇಲಿನ ಜೋಳ

ಹಿಟ್ಟು ನಾದುತ್ತಿದ್ದ ರೂಪಾಳ ಕೈಯಿಂದ ಎರಡು ಬಳೆ ಜಾರಿ ಪರಾತದಲ್ಲಿ ಬಿದ್ದವು. ಮದುವೆಯಲ್ಲಿ ಸಾಬೂನು ಹಚ್ಚಿ ತಿಕ್ಕಿ ಏರಿಸಿದ್ದ ಅಳತೆಯ ಬಳೆಗಳು. ನಾನು ನಕ್ಕು, "ಏನವಾ, ಬಳಿ ಸೈತ ನಾದಿ ರೊಟ್ಟಿ ಮಾಡಾಕಿ ಏನ?" ಎಂದೆ. ಸೊಸೆಯೂ ನಕ್ಕಳು. ಆದರೆ ಎದ್ದು ನಿಲ್ಲಲು ಗೋಡೆ ಹಿಡಿದಳು.

ಅದನ್ನೇ ನಾನು ಕಾಯಿಲೆಯ ಮೊದಲ ದಿನ ಎಂದುಕೊಂಡಿದ್ದೆ. ಅದು ಎಷ್ಟೋ ಮೊದಲೇ ಮನೆ ಹೊಕ್ಕಿತ್ತು. ಉಂಡ ಕೂಡಲೇ ಹೊಟ್ಟೆ ಉಬ್ಬುತ್ತಿತ್ತಂತೆ. ದಿನಕ್ಕೆ ನಾಲ್ಕೈದು ಸಲ ಭೇದಿ. ಅವಳು ಹೇಳಿರಲಿಲ್ಲ. ಹೊಸ ಮನೆಯಲ್ಲಿ ಅತ್ತೆಯ ಮುಂದೆ ಹೊಟ್ಟೆಯ ಮಾತು ಆಡುವುದು ಸುಲಭವಲ್ಲ. ಅದರಲ್ಲೂ ನನ್ನಂಥ ಅತ್ತೆಯ ಮುಂದೆ.

ನಾನು ನಮ್ಮೂರಿನ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಏನು ಉಣ್ಣಬೇಕು, ಮಕ್ಕಳಿಗೆ ಏನು ಉಣಿಸಬೇಕು ಎಂದು ತಾಯಂದಿರಿಗೆ ಹೇಳುತ್ತಲೇ ಅರ್ಧ ಆಯುಷ್ಯ ಕಳೆದೆ. ನಮ್ಮ ಮನೆಗೆ ಪ್ಯಾಕೆಟ್ ಹಿಟ್ಟು ಬಂದದ್ದಿಲ್ಲ. ನಮ್ಮದೇ ಹೊಲದ ಜೋಳ, ನಮ್ಮದೇ ಗೋಧಿ. ಕೇರಿ, ಹಸನು ಮಾಡಿ, ಬಿಸಿಲಿಗೆ ಹಾಕಿ ಆಮೇಲೆ ಗಿರಣಿಗೆ. ಮನೆಯ ಅಡುಗೆ ಉಂಡವರಿಗೆ ಏನೂ ಆಗುವುದಿಲ್ಲ ಎಂದು ಮಂದಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಅಥಣಿಯ ದವಾಖಾನೆಯಲ್ಲಿ ರಕ್ತ ಕಡಿಮೆ ಇದೆ ಎಂದು ಐರನ್ ಗುಳಿಗೆ ಕೊಟ್ಟರು. ಸಲೈನ್ ಹಚ್ಚಿದರು. ತೂಕ ಇಳಿಯುತ್ತಲೇ ಹೋಯಿತು. ಕೊನೆಗೆ ಮಗ ಬಸು ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಬ್ಲಡ್ ಟೆಸ್ಟ್, ಎಂಡೋಸ್ಕೋಪಿ, ಬಯಾಪ್ಸಿ. ವಾರ ಬಿಟ್ಟು ಡಾಕ್ಟರು ನಮ್ಮನ್ನು ಕೂರಿಸಿ, ಇದು ಸೀಲಿಯಾಕ್ ಎಂಬ ರೋಗ ಎಂದರು. ಒಂದು ಧಾನ್ಯ ಇವಳ ಕರುಳನ್ನು ಒಳಗೊಳಗೇ ಕೆಡಿಸುತ್ತಿದೆ. ಅದನ್ನು ಜನ್ಮವಿಡೀ ಮುಟ್ಟುವಂತಿಲ್ಲ.

ಗೋಧಿ.

ನನಗೆ ಮೊದಲು ಬಂದದ್ದು ಸಿಟ್ಟು. ಗೋಧಿ ಉಂಡು ಯಾರಾದರೂ ಸಾಯುತ್ತಾರೆಯೇ? ಆದರೆ ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ರೂಪಾಳಿಗೆ ಬೇರೆ ಹಂಚು, ಬೇರೆ ಪರಾತ. ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ತಿಳಿದ ದಿನವೇ ಡಬ್ಬಿ ಎತ್ತಿ ಹೊರಗೆ ಒಗೆದೆ. ಅವಳ ರೊಟ್ಟಿ ಮೊದಲು ಬಡಿದು, ಆಮೇಲೆ ಉಳಿದವರ ಚಪಾತಿ. ಎರಡು ಹೊತ್ತೂ ಜೋಳದ ರೊಟ್ಟಿ, ಮುಂಜಾನೆ ಜೋಳದ ನುಚ್ಚು. ಆರು ತಿಂಗಳು ಇದೇ ನಡೆಯಿತು. ನಾನು ಬೀಗುತ್ತಲೇ ಮಿರಜಿಗೆ ಹೋದೆ.

ರಕ್ತದ ರಿಪೋರ್ಟಿನಲ್ಲಿ ರೋಗದ ಅಂಕಿ ಇದ್ದಲ್ಲೇ ಇತ್ತು. ತೂಕ ಮತ್ತೆ ಎರಡು ಕಿಲೋ ಇಳಿದಿತ್ತು.

"ಮಾವಶಿ, ಎಲ್ಲೋ ಗೋದಿ ಹೊಟ್ಟ್ಯಾಗ ಹೋಗಾಕತ್ತೈತಿ," ಎಂದರು ಡಾಕ್ಟರು. "ಹೊರಗ ಏನರ ತಿಂತಾರೇನ ನೋಡ್ರಿ. ಹಿಂಗ ನಡದ್ರ ಕರುಳ ಸುಧಾರಸೂದಿಲ್ಲ. ಮುಂದ ಭಾಳ ಕಠಿಣ ಆಕ್ಕೈತಿ."

ನಾನು ರೂಪಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸಿಕ್ಕಿಬಿದ್ದವರ ಹಾಗೆ ಕಂಡಳು ನನಗೆ. ನಮ್ಮೂರು ಸತ್ತಿಗೆ ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು: ನನ್ನ ಅಡುಗೆಯಲ್ಲಿ ತಪ್ಪಿಲ್ಲ, ಅಂದರೆ ಇವಳೇ ಕದ್ದು ತಿನ್ನುತ್ತಿದ್ದಾಳೆ. ವಯಸ್ಸಿನ ಹುಡುಗಿ, ನಿಪ್ಪಾಣಿ ಪೇಟೆಯಲ್ಲಿ ಬೆಳೆದವಳು. ಬೇಕರಿಯ ಪಾವು, ಖಾರಿ ಬಿಟ್ಟಿರಲು ಆಗುತ್ತದೆಯೇ?

ಮರುದಿನ ಅವಳು ಸ್ನಾನಕ್ಕೆ ಹೋದಾಗ ಅವಳ ಬ್ಯಾಗ್ ತೆರೆದೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ತೆರೆದೆ. ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಕೈಗೆ ಸಿಕ್ಕಿತು, ಮೆತ್ತಗಿತ್ತು. ಬ್ರೆಡ್ ಎಂದುಕೊಂಡೆ.

ಕೂದಲು.

ಉದುರಿದ ಕೂದಲನ್ನು ಸುತ್ತಿ ಸುತ್ತಿ ಉಂಡೆ ಮಾಡಿ ತುಂಬಿಟ್ಟಿದ್ದಳು. ನಮಗೆ ಕಾಣಬಾರದೆಂದು.

ತಿರುಗಿ ನೋಡಿದರೆ ಬಾಗಿಲಲ್ಲಿ ಅವಳು, ತಲೆಗೆ ಟವೆಲ್ ಸುತ್ತಿಕೊಂಡು. ಕೂಗಾಡಲಿಲ್ಲ, ಅಳಲೂ ಇಲ್ಲ.

"ಅತ್ತಿ, ನಾ ತಿಂದಿಲ್ರಿ," ಎಂದಳು. ಅಷ್ಟೇ.

ಚೀಲವನ್ನು ಇದ್ದಲ್ಲೇ ಇಟ್ಟು ಬ್ಯಾಗ್ ಮುಚ್ಚಿದೆ. ಮನೆಯಲ್ಲಿ ಇರಲಾಗದೆ, ಜೋಳದ ಚೀಲ ಎತ್ತಿಕೊಂಡು ಗಿರಣಿಗೆ ಹೊರಟೆ. ಮಂಡಿ ನೋವು ಶುರುವಾದಾಗಿನಿಂದ ಬಸುವೇ ಗಾಡಿಯ ಮೇಲೆ ಒಯ್ದು ಬೀಸಿಸಿಕೊಂಡು ಬರುತ್ತಿದ್ದ. ನಾನು ಗಿರಣಿಯ ಮುಖ ನೋಡಿ ಮೂರು ವರ್ಷವಾಗಿತ್ತು.

ಗಿರಣಿಯ ಮಹಾದೇವ ನನ್ನ ಅಂಗನವಾಡಿಯಲ್ಲೇ ಆಡಿ ಬೆಳೆದವನು. ನನ್ನನ್ನು ಕಂಡು ಖುಷಿಯಿಂದ ಸ್ಟೂಲ್ ಒರೆಸಿ ಹಾಕಿದ. "ಕುಂದರ್ರಿ ಅಕ್ಕೋರ. ಈ ಗೋದಿ ಮುಗೀಲಿ, ಬೆನ್ನಿಗೇ ನಿಮ್ಮ ಜ್ವಾಳ ಹಾಕ್ತೇನಿ. ನೀವು ಹೇಳಿದ್ದ ನಾ ಇನ್ನೂ ಮರತಿಲ್ರಿ."

"ನಾ ಏನ ಹೇಳಿದ್ನೋ?"

"ಗೋದಿ ಆದ ಮ್ಯಾಲೇ ನನ್ನ ಜ್ವಾಳ ಹಾಕಬೇಕ ಅಂತ. ಬಸು ಬಂದ್ರೂ ಹಂಗೇ ಮಾಡ್ತೇನಿ."

ಹೌದು, ನಾನೇ ಹೇಳಿದ್ದೆ. ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಗೋಧಿಯ ಬೆನ್ನಿಗೇ ಬೀಸಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಸೇರಿ ರೊಟ್ಟಿ ಒಡೆಯದೆ ಅಗಲವಾಗಿ ಬರುತ್ತದೆ. ನನ್ನ ಅತ್ತೆ ಕಲಿಸಿದ ಉಪಾಯ. ನನ್ನ ರೊಟ್ಟಿಯನ್ನು ಮಂದಿ ಹೊಗಳಿದಾಗಲೆಲ್ಲ ಒಳಗೇ ನಕ್ಕು ಸುಮ್ಮನಾಗುತ್ತಿದ್ದೆ.

ಆರು ತಿಂಗಳು ಎರಡೂ ಹೊತ್ತು ನಾನೇ ಬಡಿದು, ನಾನೇ ಬಡಿಸಿದ್ದೆ. ಅವಳು ಸಾಕು ಎಂದರೂ ಬಿಡದೆ ಇನ್ನೊಂದು ಹಾಕಿದ್ದೆ.

ಬೀಸಿಸದೆ ಚೀಲ ಹೊತ್ತು ಮನೆಗೆ ಬಂದೆ. ರೂಪಾ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಕುಳಿತು ಎಲ್ಲ ಹೇಳಿದೆ. "ತಪ್ಪ ನಂದವಾ. ನಾ ನಿನ್ನ ಬ್ಯಾಗ ನೋಡಬಾರದಿತ್ತ," ಎಂದೆ.

ಅವಳು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ಆಮೇಲೆ, "ನನಗೂ ನನ್ನ ಮ್ಯಾಲ ಡೌಟ ಬಂದಿತ್ರಿ ಅತ್ತಿ. ಗೊತ್ತಿಲ್ದ ಏನರ ತಿಂದೇನೇನೋ ಅಂತ," ಎನ್ನುತ್ತಾ ಅಳತೊಡಗಿದಳು. ನಾನೂ ಅತ್ತುಬಿಟ್ಟೆ.

ಬಸು ಮನೆಗಿರಣಿ ತರುತ್ತೇನೆ ಎಂದ. ತಾ ಎಂದೆ. ಅದು ಬರುವವರೆಗೆ ಸೊಸೆ ಉಪವಾಸ ಇರಲಾಗುತ್ತದೆಯೇ? ದನದ ಕೊಟ್ಟಿಗೆಯ ಬದಿಗೆ ಬಿದ್ದಿದ್ದ ಬೀಸುವ ಕಲ್ಲನ್ನು ಒಳಗೆ ತರಿಸಿ, ಉಜ್ಜಿ ತೊಳೆದು, ಉಳಿ ಹೊಡೆಸಿದೆ. ಕಲ್ಲಿನಲ್ಲಿ ಹಳೆಯ ಗೋಧಿ ಉಳಿದಿದ್ದರೆ ಹೋಗಲೆಂದು ಮೊದಲ ಎರಡು ಸಲದ ಹಿಟ್ಟನ್ನು ಎಮ್ಮೆಗೆ ಹಾಕಿದೆ. ನಂಬಿಕೆ ಬರಲಿಲ್ಲ, ಮೂರನೆಯದನ್ನೂ ಹಾಕಿದೆ. ನಾಲ್ಕನೆಯದರಿಂದ ರೊಟ್ಟಿ ಬಡಿದೆ.

ಅಂಚು ಒಡೆಯಿತು. ಹಂಚಿಗೆ ಹಾಕುವಾಗ ನಡುವೆಯೂ ಹರಿಯಿತು. ಚೂರುಗಳನ್ನೇ ಕೂಡಿಸಿ ಬೇಯಿಸಿ, ಬೆಣ್ಣೆ ಹಚ್ಚಿ ಅವಳ ತಾಟಿಗೆ ಹಾಕಿದೆ. ಇಷ್ಟು ಕೆಟ್ಟ ರೊಟ್ಟಿ ನಾನು ಮದುವೆಯಾಗಿ ಬಂದ ವರ್ಷವೂ ಮಾಡಿರಲಿಲ್ಲ. ಅವಳು ಉಂಡಳು. ನಾನು ಪಕ್ಕದಲ್ಲೇ ಕುಳಿತು ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ.

ಎರಡು ವಾರಕ್ಕೆ ಭೇದಿ ನಿಂತಿತು. ಆದರೂ ಮುಂದಿನ ರಿಪೋರ್ಟಿನವರೆಗೆ ಅವಳು ಉಣ್ಣುವಾಗ ಪಕ್ಕದಲ್ಲಿ ಕೂರುವುದನ್ನು ನಾನು ಬಿಡಲಿಲ್ಲ. ಮೊನ್ನೆ ಅದು ಬಂತು. ರೋಗದ ಅಂಕಿ ಇಳಿದಿದೆ. ಪೂರ್ತಿ ಅಲ್ಲ. ಡಾಕ್ಟರು ಮೊದಲ ಸಲ ನಕ್ಕರು, ಇನ್ನೂ ಜೋಪಾನ ಎಂದರು. ಮನೆಗಿರಣಿಯೂ ಬಂದಿದೆ, ಅದರಲ್ಲಿ ಜೋಳ ಬಿಟ್ಟು ಬೇರೆ ಕಾಳು ಬೀಳುವುದಿಲ್ಲ. ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಅವತ್ತು ಗಿರಣಿಯ ಮಹಾದೇವನಿಗೇ ಕೈಮುಗಿದು ಬಂದೆ. ಅವನು ಅಂದು ಆ ಮಾತು ಎತ್ತದಿದ್ದರೆ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಇವತ್ತು ರೂಪಾ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ನಿಪ್ಪಾಣಿಗೆ ಹೊರಟಳು. ಮೂರು ದಿನಕ್ಕಾಗುವಷ್ಟು ಹಿಟ್ಟನ್ನು ಡಬ್ಬಿಗೆ ತುಂಬಿ ಕೊಟ್ಟೆ. ಅವಳು ಬ್ಯಾಗನ್ನು ತಂದು ನನ್ನ ಮುಂದಿಟ್ಟು, ಜಿಪ್ ಪೂರ್ತಿ ಎಳೆದು ತೆರೆದಳು.

"ಈಗ ಒಮ್ಮೆ ನೋಡಿಬಿಡ್ರಿ ಅತ್ತಿ," ಎಂದಳು. ತುಟಿಯಲ್ಲಿ ನಗು ಇತ್ತು. ಕಣ್ಣಲ್ಲಿ ಇರಲಿಲ್ಲ.

ನಾನು ಮುಖ ಆ ಕಡೆ ತಿರುಗಿಸಿ, ಒಳಗೆ ನೋಡದೆ ಕೈಯಿಂದಲೇ ತಡಕಿ ಡಬ್ಬಿಯನ್ನು ಸೀರೆಗಳ ಮೇಲೆ ಇಟ್ಟು ಜಿಪ್ ಎಳೆದೆ.