ಎಂಜಿನ್ ನಂಬರಿಗೆ ಬರುತ್ತಿದ್ದ ಕಾಗದಗಳು

ಮೊನ್ನೆ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ತಾಗಿದ್ದೇ ನಾನು ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದೆ. ಜಂಗಮಕೋಟೆಯಲ್ಲಿ ನಮ್ಮ ಎದುರು ಮನೆಯ ಮಾವ, ತಾವೇ ಕಟ್ಟಿದ ವಿಮಾನದ ರೆಕ್ಕೆಗೆ ಹೊದಿಸಿದ ರೇಷ್ಮೆ ಬಟ್ಟೆಯ ಮೇಲೆ ಬಳಿಯುತ್ತಿದ್ದ ಅಂಟಿನ ವಾಸನೆ ಅದು.

ಅವರು ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಕೆಲಸ ಮಾಡಿ ಊರಿಗೆ ಮರಳಿದವರು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಒಂದು ಪುಟ್ಟ ಎಂಜಿನ್ ತಂದು, ರೇಷ್ಮೆ ಹುಳು ಸಾಕುವ ಹುಳುಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಅದರ ಸುತ್ತ ವಿಮಾನ ಕಟ್ಟಿದರು. ಹಾರಿಸಲು ಅಪ್ಪಣೆ ಬಂದಿರಲಿಲ್ಲ. ಹುಳು ಇಲ್ಲದ ದಿನಗಳಲ್ಲಿ ಹೊಲದಲ್ಲಿ ಓಡಿಸುತ್ತಿದ್ದರು, ಅಷ್ಟೇ.

"ಏನ್ ಮಾವ, ನಿಮ್ಮ ಕೋಳಿ ಯಾವಾಗ ಹಾರ್ತದೆ?" ಎಂದು ದಾರಿಹೋಕರು ಕೆಣಕುತ್ತಿದ್ದರು.

"ರೆಕ್ಕೆ ಬಲೀಲಿ ಇರಪ್ಪ. ಮೊದಲು ನಿನ್ನೇ ಕೂರಿಸಿ ಕಳಿಸ್ತೀನಿ."

ಎಂಜಿನ್ ತಯಾರಿಸಿದ ಕಂಪನಿಯವರು ಇಂಗ್ಲೆಂಡಿನಿಂದ ಆಗಾಗ ಎಚ್ಚರಿಕೆಯ ಕಾಗದ ಕಳಿಸುತ್ತಿದ್ದರು. ಲಕೋಟೆಯ ಮೇಲೆ ಮಾವನ ಹೆಸರಿರುತ್ತಿರಲಿಲ್ಲ. ಎಂಜಿನ್ನಿನ ನಂಬರು, ಅದರ ಕೆಳಗೆ ಊರು. ಮೇಷ್ಟರಾಗಿದ್ದ ನಮ್ಮಪ್ಪನೇ ಮನೆಯ ಮುಂದಿನ ಕೋಣೆಯಲ್ಲಿ ಊರಿನ ಅಂಚೆ ಕಚೇರಿಯನ್ನೂ ನಡೆಸುತ್ತಿದ್ದರು. ಬಂದ ಲಕೋಟೆಗೆ ತಾರೀಖಿನ ಮೊಹರು ಒತ್ತಿ ನನಗೆ ಕೊಡುತ್ತಿದ್ದರು. ಮಾವನ ಇಂಗ್ಲಿಷು ಉಪಕರಣಗಳ ಹೆಸರಿಗೆ, ಅಂಕಿಗಳಿಗೆ ಮುಗಿಯುತ್ತಿತ್ತು. ನಾನು ಕಾಗದದ ಬೆನ್ನ ಮೇಲೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಅದರಲ್ಲಿ ಹೇಳಿದ ಕೆಲಸ ಮುಗಿಸಿ, ಮಾವ ಸಹಿ ಹಾಕಿ, ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಇಡುತ್ತಿದ್ದರು.

ಒಮ್ಮೆ ಬೋಲ್ಟುಗಳ ಬಗ್ಗೆ ಬಂದ ಕಾಗದಕ್ಕಾಗಿ ಎಂಜಿನ್ನನ್ನು ಪೂರ್ತಿ ಇಳಿಸಿದರು. ಹಳೆಯವು ಚೆನ್ನಾಗಿಯೇ ಇದ್ದವಲ್ಲ ಎಂದೆ.

"ಇರಬಹುದು ಕಣಮ್ಮ. ಆದ್ರೆ ಈ ಕಾಗದ ಸುಮ್ನೆ ಬರಲ್ಲ, ಎಲ್ಲೋ ಒಬ್ಬ ಸತ್ತ ಮೇಲೆ ಬರ್ತದೆ. ಸತ್ತೋನು ಹೇಳಿದ್ದು ಅಂತ ಕೇಳ್ಬೇಕು."

ಅಂದಿನಿಂದ ಆ ಶೆಡ್ಡಿಗೆ ಒಬ್ಬಳೇ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. ಗಾಳಿಯಿಲ್ಲದಾಗಲೂ ಆ ಕಾಗದಗಳು ಅಲುಗುತ್ತಿವೆ ಅನ್ನಿಸುತ್ತಿತ್ತು...

ನಾನು ಬಿ.ಎ. ಎರಡನೇ ವರ್ಷದ ರಜೆಗೆ ಬಂದಿದ್ದಾಗ, ಒಂದು ಮಂಗಳವಾರ, ಇನ್ನೊಂದು ಕಾಗದ ಬಂತು. ಸ್ವಿಚ್ಚಿನ ಒಳಗಿನ ತಂತಿ ಸಡಿಲವಾಗಿರಬಹುದು. ಸ್ವಿಚ್ಚು ಆರಿಸಿದ್ದರೂ ಎಂಜಿನ್ ಜೀವಂತವೆಂದೇ ತಿಳಿಯಿರಿ. ಹೊಸದು ಹಾಕುವವರೆಗೆ ಪ್ರೊಪೆಲ್ಲರಿಗೆ ಕೈ ಹಚ್ಚಬೇಡಿ. ಎಣ್ಣೆ ಕೆಳಗಿಳಿಯದಿರಲೆಂದು ಮಾವ ದಿನಾ ಬೆಳಿಗ್ಗೆ ಪ್ರೊಪೆಲ್ಲರನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸುತ್ತಿದ್ದದ್ದು ನನಗೆ ಗೊತ್ತಿತ್ತು.

ಆದರೆ ಶೆಡ್ಡಿಗೆ ಹೋಗಬೇಕಾದರೆ ಹುಳುಮನೆಯನ್ನು ದಾಟಬೇಕು. ಮುಟ್ಟಾದ ಹೆಂಗಸು ಒಳಗೆ ಬಂದರೆ ಹುಳು ಕೆಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ನಾನು ನಂಬುತ್ತಿರಲಿಲ್ಲ. ಆದರೂ ಹೊಸ್ತಿಲು ದಾಟುವ ಧೈರ್ಯವಿರಲಿಲ್ಲ. ಬಾಗಿಲಲ್ಲಿ ನಿಂತು ಕೂಗಿದರೆ, ಒಳಗೇಕೆ ಬರಲಿಲ್ಲವೆಂಬುದು ಬೀದಿಗೆಲ್ಲ ತಿಳಿಯುತ್ತದೆ. ಶುಕ್ರವಾರ ಸ್ನಾನವಾದ ಮೇಲೆ ಕೊಟ್ಟರಾಯಿತು ಎಂದು ಕಾಗದವನ್ನು ಪುಸ್ತಕದಲ್ಲಿಟ್ಟೆ.

ಬುಧವಾರ ಮಾವ ಹುಳುಮನೆಯ ಕಿಟಕಿಯಿಂದ ಕೇಳಿದರು. "ಕಾಗದ ಏನಾದ್ರೂ ಬಂತೇನಮ್ಮ?"

"ಇಲ್ಲ ಮಾವ." ಬಂದಿದೆ ಎಂದರೆ ಒಳಗೆ ಬಾ ಎನ್ನುತ್ತಿದ್ದರು.

ಗುರುವಾರ ಬೆಳಿಗ್ಗೆ ಎಂಜಿನ್ ಒಂದೇ ಒಂದು ಸಲ ಕೆಮ್ಮಿದ್ದು ನಮ್ಮ ಜಗಲಿಗೆ ಕೇಳಿಸಿತು. ಆಮೇಲೆ ಏನೂ ಇಲ್ಲ. ನಾನು ಓಡಿದೆ, ಹೊಸ್ತಿಲು ದಾಟಿದೆ. ಹುಳುಗಳು ಜ್ವರಕ್ಕೆ ಕೂತಿದ್ದವು; ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಸುಮ್ಮನಿರುತ್ತವಲ್ಲ, ಹಾಗೆ. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ತಲೆ ಎತ್ತಿ, ಏನನ್ನೋ ಆಲಿಸುವಂತೆ ನಿಶ್ಚಲವಾಗಿದ್ದವು. ಅವುಗಳ ಆಚೆ ಮಾವ ವಿಮಾನದ ಚಕ್ರಕ್ಕೆ ಒರಗಿ ಕೂತಿದ್ದರು. ಪ್ರೊಪೆಲ್ಲರು ಎಂದೂ ತಿರುಗೇ ಇಲ್ಲವೆಂಬಂತೆ ನಿಂತಿತ್ತು. ಅವರ ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇತ್ತು.

"ಸ್ವಿಚ್ಚು ಆರಿಸಿದ್ದೆ ಕಣಮ್ಮ... ನೋಡು."

ನೋಡಿದೆ. ಆರಿಸಿತ್ತು.

ಅವರು ಆಸ್ಪತ್ರೆಯಿಂದ ಬರಲು ತಿಂಗಳಾಯಿತು. ಕನ್ನಡದಲ್ಲಿ ಬರೆದ ಕಾಗದವನ್ನು, ಲಕೋಟೆಯ ಸಮೇತ, ಒಯ್ದು ಕೊಟ್ಟೆ. ಓದಿದರು.

"ಯಾವತ್ತು ಬಂತಮ್ಮ ಇದು?"

"ಆವತ್ತೇ ಮಾವ. ಆಮೇಲೆ."

ಲಕೋಟೆಯನ್ನು ಮಂಡಿಯ ಮೇಲಿಟ್ಟು ಎಡಗೈ ಹೆಬ್ಬೆರಳಿನಿಂದ ಸವರಿದರು. ನಮ್ಮಪ್ಪ ಒತ್ತಿದ ತಾರೀಖಿನ ಮೊಹರು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಬಹಳ ಹೊತ್ತು ನೋಡಿದರು. ನಂತರ ಕಾಗದಕ್ಕೆ ಎಡಗೈಯಲ್ಲಿ, ಮಕ್ಕಳ ಅಕ್ಷರದ ಹಾಗೆ, ಸಹಿ ಹಾಕಿದರು. ಲಕೋಟೆಯನ್ನು ಪಕ್ಕದಲ್ಲಿದ್ದ ಹೆಂಡತಿಯ, ನಮ್ಮ ಅತ್ತೆಯ, ಕಡೆ ಚಾಚಿದರು.

"ಒಲೆಗೆ ಹಾಕಿಬಿಡೇ. ಕಾಗದ ಇದ್ರೆ ಸಾಕು."

ನಾನು ಮೊಳೆ ಹಿಡಿದುಕೊಂಡೆ. ಅವರು ಎಡಗೈಯಲ್ಲಿ ಸುತ್ತಿಗೆ ಹೊಡೆದರು. ಒಂದು ಏಟೂ ನನ್ನ ಬೆರಳಿಗೆ ತಾಗಲಿಲ್ಲ.

ಆ ಸಲದ ಗೂಡು ಎಂದಿಲ್ಲದಷ್ಟು ಚೆನ್ನಾಗಿ ಬಂತೆಂದು ಅತ್ತೆ ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು.

ಆಮೇಲೂ ರಜೆಗೆ ಹೋದಾಗಲೆಲ್ಲ ಮಾವ ಕರೆದು ಮಾತನಾಡಿಸುತ್ತಿದ್ದರು. ಓದು, ಪರೀಕ್ಷೆ, ಹಾಸ್ಟೆಲಿನ ಊಟ... ಅದೊಂದನ್ನು ಕೇಳಲಿಲ್ಲ. ಕೇಳಿದರೆ ಹೇಳಿಬಿಡಬೇಕೆಂದು ಪ್ರತಿ ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ಕಾಗದ ಮಂಗಳವಾರವೇ ಬಂದಿತ್ತು ಎಂದು ಹೇಳಿಕೊಳ್ಳಲು ನನಗೆ ಈಗ ಯಾರೂ ಇಲ್ಲ.