ಅಮ್ಮ ಆಸ್ಪತ್ರೆಗೆ ಹೊರಟ ದಸರೆ

ತಾಯಿ ದುರ್ಗೆಯನ್ನು ನಂಬಿದ ಎಲ್ಲರಿಗೂ ನನ್ನ ನಮಸ್ಕಾರ. 2016ರ ದಸರೆಯಲ್ಲಿ ನನ್ನ ಉಸಿರು ನಿಲ್ಲುವುದರಲ್ಲಿತ್ತು. ಈಗ ನೆನೆದರೆ ನಗು ಬರುತ್ತದೆ. ನಗುವುದಕ್ಕೆ ನನ್ನನ್ನು ಉಳಿಸಿದವಳು ಆ ತಾಯಿಯೇ ಆದ್ದರಿಂದ ಬೇಸರ ಮಾಡಿಕೊಳ್ಳಲಾರಳು ಎಂದುಕೊಂಡು ಬರೆಯುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು. ನಮ್ಮ ಮನೆಯವರು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಸುಣ್ಣದ ಭಟ್ಟಿಯ ಎಂಜಿನಿಯರ್. ಆ ವರ್ಷ ಮಳೆಗಾಲದಲ್ಲಿ ನನ್ನ ಕುತ್ತಿಗೆಯ ಥೈರಾಯ್ಡ್ ಗಡ್ಡೆ ತೆಗೆದಿದ್ದರು. "ಅದರ ಪಕ್ಕದ ಸಣ್ಣ ಗ್ರಂಥಿಗಳು ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುತ್ತವೆ. ಅವು ಸುಧಾರಿಸಿಕೊಳ್ಳುವವರೆಗೆ ಈ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮನೆಯವರಿಗೆ ರಜೆ ಸಿಗದೆ ನಾನೊಬ್ಬಳೇ ಕಾರ್ಖಾನೆಯ ಹತ್ತಿರದ ದುವ್ವಾಡದಲ್ಲಿ ರೈಲು ಹತ್ತಿ, ವಿಜಯವಾಡದ ಪಟಮಟದಲ್ಲಿರುವ ನಾದಿನಿ ವಸುಧಾಳ ಮನೆಗೆ ನವರಾತ್ರಿಗೆ ಹೋದೆ. ತೆಲುಗರ ಮನೆ ಸೇರಿದ ವಸುಧಾ ಮಡಿಯ ವಿಷಯದಲ್ಲಿ ಅತ್ತೆಗೇ ಅತ್ತೆ. ನನ್ನ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ ಹೌಹಾರಿದಳು.

"ವೈನಿ, ಇದರಾಗ ಸಮುದ್ರದ ಚಿಪ್ಪಿನ ಪುಡಿ ಅದ ಅಂತ ಬರದಾರ ನೋಡ್ರಿ! ವ್ರತ ಮುಗಿಯೋತನಾ ನುಂಗಬ್ಯಾಡ್ರಿ. ಎಲುವಿನ ಗುಳಿಗಿ ತಾನ? ನಾಕು ದಿನ ಬಿಟ್ರ ಎಲುವೇನು ಮುರೀತಾವೇನು?"

ನನಗೂ ಹೌದೆನ್ನಿಸಿತು. ಡಬ್ಬಿ ಪೆಟ್ಟಿಗೆ ಸೇರಿತು.

ದುರ್ಗಾಷ್ಟಮಿಯ ಬೆಳಿಗ್ಗೆ ಹೆಂಗಸರೆಲ್ಲ ಸೇರಿ ಕುಂಕುಮಾರ್ಚನೆ ಮಾಡುತ್ತಿದ್ದೆವು. ನನ್ನ ತುಟಿಯ ಸುತ್ತ ಇರುವೆ ಹರಿದಂತಾಯಿತು. ನೋಡನೋಡುತ್ತ ಬೆರಳುಗಳು ಸೆಟೆದು ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಅಂಗೈಯೊಳಗೆ ಎಳೆದುಕೊಂಡಿತು. ಎರಡೂ ಕೈಗಳು ವಿಗ್ರಹದ ಕೈಗಳ ಹಾಗೆ ಮುದ್ರೆ ಹಿಡಿದು ನಿಂತುಬಿಟ್ಟವು. ಗಂಟಲು ಬಿಗಿದು ಉಸಿರೆಳೆದರೆ ಗೊರ್ ಎಂದು ಸದ್ದು.

"ಅಮ್ಮ ವಚ್ಚಿಂದಿ!" ಎಂದು ಎದುರುಮನೆಯ ಲಕ್ಷ್ಮಮ್ಮಗಾರು ಕೂಗಿದರು.

ನನ್ನ ಮೈಮೇಲೆ ದೇವಿ ಬಂದಳೆಂದು ಎಲ್ಲರೂ ಎದ್ದರು. ಆರತಿ ಬಂತು, ಬೇವಿನ ಸೊಪ್ಪು ಬಂತು, ಕಾಲಿಗೆ ಅರಿಶಿನದ ನೀರು ಬಿತ್ತು. ಸೆಟೆದ ಕೈ ಮುಂದೆ ಚಾಚಿ ತೋರಿಸಿದರೆ ವಸುಧಾ ಭಕ್ತಿಯಿಂದ ಅದರಲ್ಲಿ ಒಂದು ದಾಸವಾಳ ಸಿಕ್ಕಿಸಿದಳು. ಲಕ್ಷ್ಮಮ್ಮಗಾರು ತಮ್ಮ ಮಗಳ ಮದುವೆ ಆಗುತ್ತದೆಯೇ ಎಂದು ಕೇಳಿದರು. ನಡುಕಕ್ಕೆ ನನ್ನ ತಲೆ ಅಲ್ಲಾಡಿತು. ಆಗುತ್ತದೆಂದು ತಿಳಿದು ಅವರು ಅಡ್ಡಬಿದ್ದರು.

ಸಾವು ಹತ್ತಿರ ಬಂದಿದೆ ಎಂದು ನನಗೆ ಗೊತ್ತಾಗುತ್ತಿತ್ತು. ದೇವಿಯ ಪಟ ನೋಡಿ ಮನಸ್ಸಿನಲ್ಲೇ ಜಗಳ ತೆಗೆದೆ: "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣವೇನಮ್ಮಾ? ಇವರು ನನ್ನ ಕಷ್ಟ ಕೇಳುವುದಿಲ್ಲ, ನಿನ್ನ ಮಾತಾದರೆ ಕೇಳುತ್ತಾರೆ. ನೀನೇ ಹೇಳು."

ಬಿಗಿದಿದ್ದ ಗಂಟಲಿನಿಂದ ದಪ್ಪನೆಯ ದನಿಯೊಂದು ಹೊರಟಿತು. "ಆಸ್ಪತ್ರಿಕಿ ಪದಂಡಿ!"

"ಅಮ್ಮ ಆಸ್ಪತ್ರಿಗೆ ನಡೀರಿ ಅಂತಾಳ!" ಎಂದು ವಸುಧಾ ಚಪ್ಪಲಿಯನ್ನೂ ಮೆಟ್ಟದೆ ಆಟೋ ಕರೆಯಲು ಓಡಿದಳು. ನಾನು ಹೇಳಿದ್ದರೆ ಮೊದಲು ಕಷಾಯ ಕಾಸುತ್ತಿದ್ದಳು. ದೇವಿಗೆ ಯಾಕೆ ಎಂದು ಕೇಳುವವರು ಯಾರು? ಬೇವಿನ ಸೊಪ್ಪಿನ ಸಮೇತ ಆಸ್ಪತ್ರೆ ಮುಟ್ಟಿದೆವು.

ಅಲ್ಲಿದ್ದ ಡಾಕ್ಟರಮ್ಮ ನನ್ನ ಕೈ ನೋಡಿದರು, ಕುತ್ತಿಗೆಯ ಹೊಲಿಗೆಯ ಗುರುತು ನೋಡಿದರು. "ಮಾತ್ರೆ ನಿಲ್ಲಿಸಿದಿರಾ?" ಎಂದು ತೆಲುಗಿನಲ್ಲಿ ಗದರಿ, ಕ್ಯಾಲ್ಸಿಯಂ ಔಷಧಿಯನ್ನು ನಿಧಾನವಾಗಿ ನರಕ್ಕೆ ಕೊಟ್ಟರು. ಉಸಿರು ಸಡಿಲವಾಯಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಿಚ್ಚಿದ ಕೈಗಳನ್ನು ಮೊದಲು ಜೋಡಿಸಿ ಅಲ್ಲೇ ತಾಯಿಗೆ ಮುಗಿದೆ, ಅತ್ತೂಬಿಟ್ಟೆ.

"ಇದು ಬರೀ ಮೂಳೆಗಲ್ಲಮ್ಮ. ಗುಂಡಿಗೆ ಬಡಿಯುವುದಕ್ಕೂ, ಕೈಕಾಲು ಆಡುವುದಕ್ಕೂ ಬೇಕು" ಎಂದರು ಡಾಕ್ಟರಮ್ಮ. ಚಿಪ್ಪಿನ ಕಥೆ ಕೇಳಿ, "ಪೂಜೆಗಿಡುವ ಶಂಖವೂ ಸಮುದ್ರದ್ದೇ ಅಲ್ಲವಾ?" ಎಂದರು. ಬೇಕಾದರೆ ಸುಣ್ಣಕಲ್ಲಿನಿಂದ ಮಾಡಿದ ಮಾತ್ರೆಯೂ ಇದೆ ಎಂದು ಅದನ್ನೇ ಬರೆದುಕೊಟ್ಟರು.

ಮರುದಿನ ಓಡಿಬಂದ ಮನೆಯವರು ನನ್ನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದರು. "ದಿನಾ ಭಟ್ಟಿಯೊಳಗ ಅದೇ ಕಲ್ಲು ಸುಡಸ್ತೀನಿ, ಮನ್ಯಾಗ ನಿನಗ ಅದರದ ಕೊರತಿ ಆತಲ್ಲ" ಎಂದರು.

ಮುಂದಿನ ವರ್ಷ ಲಕ್ಷ್ಮಮ್ಮಗಾರ ಮಗಳ ಮದುವೆಯಾಯಿತು. ಮದುವೆಮನೆಯಲ್ಲಿ ಅವರು ನನ್ನ ಕಾಲಿಗೆ ಬಗ್ಗುವುದನ್ನು ತಪ್ಪಿಸುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಆ ದಿನ ಮಾತಾಡಿದ್ದು ನೀನೋ ದೇವಿಯೋ ಎಂದು ನಮ್ಮವರೆಲ್ಲ ಈಗಲೂ ಕೇಳುತ್ತಾರೆ. ತರಕಾರಿ ಚೌಕಾಸಿಗೇ ಎಡವುವ ತೆಲುಗು ನನ್ನದು. ಆ ಹೊತ್ತಿನಲ್ಲಿ ಅಷ್ಟು ಕೂಗುವ ಉಸಿರೂ ನನ್ನಲ್ಲಿರಲಿಲ್ಲ.

ಆ ಗ್ರಂಥಿಗಳು ಪೂರ್ತಿ ಸುಧಾರಿಸಿಕೊಳ್ಳಲೇ ಇಲ್ಲ. ಮಾತ್ರೆಯ ಡಬ್ಬಿ ಈಗ ದೇವರ ಮುಂದೆ, ಶಂಖದ ಪಕ್ಕದಲ್ಲಿರುತ್ತದೆ. ಬೆಳಿಗ್ಗೆ ಪಟಮಟದಿಂದ ವಸುಧಾಳ ಫೋನು ಬರುತ್ತದೆ.

"ವೈನಿ, ಪ್ರಸಾದ ತಗೊಂಡ್ರೇನ್ರಿ?"

"ತಗೊಂಡೆ ತಾಯಿ" ಎನ್ನುತ್ತೇನೆ, ದೇವಿಯ ಕಡೆ ನೋಡುತ್ತ.